ಹುಣಸೆಹಣ್ಣಿಗೆ ಓಡಿಹೋದ ಗೆರೆ

ಶರಣಬಸವನ ಗ್ರಹಚಾರ ಕೆಟ್ಟದ್ದು ಒಂದೆಳೆ ಕಾಗದದಿಂದ.

ಟೀವಿ ರಿಪೇರಿ ಮಾಡುವ ಈ ರಾಯಚೂರಿನ ಹುಡುಗ ಭಾನುವಾರ ಬೆಳಿಗ್ಗೆ ಕಗ್ಗದಾಸಪುರದ ವಠಾರದ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಅಂಗೈಯಗಲದ ತಾಮ್ರದ ಹಲಗೆಯನ್ನು ಹಳೆಯ ಟೂತ್‌ಬ್ರಷ್ಷಿನಿಂದ ಸವರುತ್ತಿದ್ದ. ಸರ್ಕ್ಯೂಟಿನ ನಕ್ಷೆಯನ್ನು ಜೆರಾಕ್ಸ್ ಮಾಡಿಸಿ, ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ತಾಮ್ರಕ್ಕೆ ಇಳಿಸಿದ್ದಾಗಿತ್ತು. ನೆನೆಸಿದ ಕಾಗದ ಕಿತ್ತುಬಂದರೂ ಕರಿ ಗೆರೆಗಳ ಸಂದಿಯಲ್ಲಿ ಬಿಳಿ ನಾರು ಕಚ್ಚಿಕೊಂಡಿತ್ತು. ಮೆಲ್ಲಗೆ ಉಜ್ಜಿದರೆ ನಾರು ಬಿಡದು, ಜೋರಾಗಿ ಉಜ್ಜಿದರೆ ಗೆರೆ ಉಳಿಯದು.

"ಬಿಡವ್ವಾ, ಬಿಟ್ಟು ಹೋಗವ್ವಾ" ಎಂದು ಅವನು ಗೊಣಗಿದ.

ಮನೆ ಓನರ್ ಆಂಜನಮ್ಮನವರಿಗೆ ಅಷ್ಟೇ ಸಾಕಾಯಿತು. ತಾಮ್ರದ ತಗಡು, ಮೇಲೆ ಗೆರೆ, ಬಾಯಲ್ಲಿ ಮಂತ್ರ! ಅವರ ಹಸು ಬೇರೆ ಮೂರು ದಿನದಿಂದ ಹಾಲು ಕೊಡುತ್ತಿರಲಿಲ್ಲ.

"ಯಾರಿಗಪ್ಪಾ ಈ ಯಂತ್ರ? ನಮ್ಮ ಹೊಸ್ಲಿಗಾ?"

"ಮಾಟ ಅಲ್ರೀ ಅಮ್ಮಾರ! ನಿಮ್ಮ ಟ್ಯಾಂಕ್ ತುಂಬಿದ್ರ ಗಂಟಿ ಹೊಡಿಯೋ ಸರ್ಕ್ಯೂಟ್ ರೀ ಇದು."

"ತುಂಬಿದ್ರೆ ನೀರು ಸುರಿಯುತ್ತೆ, ಅದಕ್ಯಾಕೆ ಗಂಟೆ? ಸಂಜೆ ನಮ್ಮನೆಯೋರು ಬರ್ತಾರೆ. ಆ ಗೆರೆ ಏನೂಂತ ಅವ್ರಿಗೆ ಹೇಳು. ಇಲ್ದಿದ್ರೆ ಇವತ್ತೇ ರೂಮು ಖಾಲಿ ಮಾಡು."

ಈ ಊರಲ್ಲಿ ರೂಮು ಸಿಗಲು ಅವನು ನಾಲ್ಕು ತಿಂಗಳು ಅಲೆದಿದ್ದ. ಹಲಗೆಯನ್ನು ಬೋಗುಣಿಯ ನೀರಲ್ಲಿ ಇನ್ನಷ್ಟು ನೆನೆಯಲು ಬಿಟ್ಟು, ಪಕ್ಕದ ರೂಮಿನ ಹುಸೇನಮ್ಮನಿಗೆ, "ಯಕ್ಕಾ, ಅಮ್ಮಾರಿಗೆ ನೀನರ ತಿಳಿಸಿ ಹೇಳು" ಎಂದು ಕೈಮುಗಿದು, ಗೆರೆಯಿಲ್ಲದ ಕಡೆಯ ತಾಮ್ರ ಕರಗಿಸುವ ಪುಡಿ ತರಲು ಹಲಸೂರಿನ ತನ್ನ ಅಂಗಡಿಗೆ ಓಡಿದ.

ಸಂಜೆ ವಾಪಸ್ ಬಂದಾಗ ಆಂಜನಮ್ಮ ನಗುತ್ತಿದ್ದರು. ಈಗ ಅನುಮಾನ ಬಂದದ್ದು ಅವನಿಗೆ.

"ಹುಸೇನಮ್ಮ ಎಲ್ಲಾ ಹೇಳಿದ್ಳು ಕಣಪ್ಪಾ. ಪಾಪ, ಆ ಕಾಗದ ಬಿಡಿಸೋಕೆ ಎಷ್ಟು ಒದ್ದಾಡ್ತಿದ್ದೆ! ನಾನೇ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕಿಬಿಟ್ಟೆ. ಒಂದೆಳೆ ಇಲ್ಲ ನೋಡು!"

ಹಲಗೆ ಹಬ್ಬದ ಚೊಂಬಿನಂತೆ ಥಳಥಳಿಸುತ್ತಿತ್ತು. ಕಾಗದವೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಶರಣಬಸವನಿಗೆ ಅಳುವೇ ಬಂತು.

ಆಗಷ್ಟೇ ಬಂದ ಯಜಮಾನರು ಮುನಿನಾರಾಯಣಪ್ಪ ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಏನೋ ಗೆರೆ ಐತೆ ಅಂದ್ಯಲ್ಲೇ, ಎಲ್ಲಿ?"

ಆಂಜನಮ್ಮನವರ ನಗು ಇಂಗಿತು. "ಬೆಳಿಗ್ಗೆ ಕಣ್ಣಾರೆ ಕಂಡಿದ್ದೆ ಕಣ್ರೀ!" ಎನ್ನುತ್ತ ಎರಡು ಹೆಜ್ಜೆ ಹಿಂದೆ ಸರಿದರು. "ಒಳ್ಳೇ ಗೆರೆ ಆಗಿದ್ರೆ ಹುಣಸೆಹಣ್ಣಿಗೆ ಯಾಕೆ ಓಡೋಗ್ತಿತ್ತು?"

ಮುನಿನಾರಾಯಣಪ್ಪ ಹಲಗೆಯನ್ನು ಕೆಳಗಿಟ್ಟು, ರೂಮಿನ ಬೀಗದ ಕೈಗಾಗಿ ಶರಣಬಸವನತ್ತ ಕೈ ಚಾಚಿದರು.

ಶರಣಬಸವ ಅಂಗಳದಲ್ಲಿ ಹಾಸಿಗೆ ಸುತ್ತುತ್ತಿದ್ದಾಗ ಮೇಲಿನ ಟ್ಯಾಂಕ್ ತುಂಬಿ, ನೀರು ಆ ಹಾಸಿಗೆಯ ಮೇಲೇ ದಬದಬ ಸುರಿಯಿತು.