ಹಳೆಯದನ್ನು ಮರೆಯದ ಫ್ಯಾನ್ ಬೆಲ್ಟು

“ನೋಡು ನೀಲಾ, ಮುಟ್ಟಿ ನೋಡು. ಹೆಂಗೈತಿ?”

ಫಕ್ಕೀರಪ್ಪ ಮಾಸ್ತರರು ಇಕ್ಕಳದಲ್ಲಿ ಒಂದು ಕರಿಯ ಬೆಲ್ಟನ್ನು ಎತ್ತಿ ಹಿಡಿದು ಎದೆ ಉಬ್ಬಿಸಿ ನಿಂತಿದ್ದರು. ನೀಲಕ್ಕನ ಕಣ್ಣಿಗೆ ಮೊದಲು ಬಿದ್ದದ್ದು ಬೆಲ್ಟಲ್ಲ, ಅದು ಹೊರಬಂದ ಕುಕ್ಕರು. ತವರಿನವರು ಮದುವೆಯಲ್ಲಿ ಕೊಟ್ಟದ್ದು. ಅದರ ಮುಚ್ಚಳಕ್ಕೆ ಸೈಕಲ್ ಪಂಪು, ಬುಡಕ್ಕೆ ಇಸ್ತ್ರಿಪೆಟ್ಟಿಗೆಯ ಸುರುಳಿ, ಸೀಟಿಯ ಜಾಗಕ್ಕೆ ರೇಡಿಯೋದ ಯಾವುದೋ ಭಾಗ ಬಂದು ಕೂತಿದ್ದವು. ಮಾಸ್ತರರು ಅದಕ್ಕೆ ಬೆಲ್ಟ್ ಪುನರ್ಜನ್ಮ ಯಂತ್ರ ಎಂದು ಹೆಸರಿಟ್ಟಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ಅವರ ಪ್ರಯೋಗಕ್ಕೆ ಮಕ್ಕಳು ಸಿಗುತ್ತಿರಲಿಲ್ಲ. ಹೆಂಡತಿಯ ಪಾತ್ರೆಗಳು ಸಿಗುತ್ತಿದ್ದವು.

ಗದಗಿನ ಬೆಟಗೇರಿಯಲ್ಲಿ ನೀಲಾಂಬಿಕಾ ಡ್ರೈವಿಂಗ್ ಶಾಲೆ ಎಂದರೆ ಗೊತ್ತಿಲ್ಲದವರು ಕಡಿಮೆ. ಶಾಲೆ ಎಂದರೆ ನೀಲಕ್ಕ ಮತ್ತು ಅವಳ ತಂದೆ ಬಿಟ್ಟುಹೋದ ದುಂಡು ಮೂತಿಯ ಹಳೆ ಕಾರು, ಇಷ್ಟೇ. ಊರಿನ ಅರ್ಧ ಹೆಂಗಸರು ಕ್ಲಚ್ಚು ಒತ್ತಲು ಕಲಿತದ್ದು ಅದರಲ್ಲಿ. ಬರುವ ಸೋಮವಾರ ಅದನ್ನು ತಪಾಸಣೆ ಮೈದಾನಕ್ಕೆ ಒಯ್ದು ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯವೆಂಬ ಸರ್ಕಾರದ ಪತ್ರ, ಮಾಡಿಸಬೇಕಿತ್ತು. ಪಾಸಾದರೆ ಶಾಲೆ ಉಳಿಯಿತು; ನಪಾಸಾದರೆ ಕಾರು ಗುಜರಿಗೆ, ನೀಲಕ್ಕ ಅಡುಗೆಮನೆಗೆ. ಎಂಜಿನ್ನು ಗಟ್ಟಿಯಿತ್ತು, ಬ್ರೇಕೂ ಗಟ್ಟಿಯಿತ್ತು. ಇದ್ದದ್ದು ಒಂದೇ ಬೇನೆ. ಫ್ಯಾನ್ ಬೆಲ್ಟು ಸವೆದು, ಗಾಡಿ ಚಾಲೂ ಮಾಡಿದರೆ ಓಣಿಯ ನಾಯಿಗಳೆಲ್ಲ ಎದ್ದು ಕೂರುವ ಹಾಗೆ ಕಿರುಚುತ್ತಿತ್ತು.

ಹಳೆ ಕಾರಿಗೆ ಬೆಲ್ಟ್ ಹುಡುಕುವುದೆಂದರೆ ಮಗಳಿಗೆ ವರ ಹುಡುಕಿದ ಹಾಗೆ. ಉದ್ದ ತುಸು ಹೆಚ್ಚಾದರೆ ಅದು ಜಾರುತ್ತದೆ, ಡೈನಮೋ ಸರಿಯಾಗಿ ತಿರುಗದೆ ಬ್ಯಾಟರಿ ಸಾಯುತ್ತದೆ. ತುಸು ಗಿಡ್ಡಾದರೆ ಬಿಗಿದು ವಾಟರ್ ಪಂಪಿನ ಬೇರಿಂಗ್ ತಿನ್ನುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಬಾಗಬೇಕು, ಅಷ್ಟು ಬಾಗಿ ಮರಳಿ ಏಳಬೇಕು. ನೀಲಕ್ಕ ಹುಬ್ಬಳ್ಳಿಯ ಅಂಗಡಿಗಳನ್ನೆಲ್ಲ ಜಾಲಾಡಿ, ಕೊನೆಗೆ ಅಳತೆಗೆ ಸರಿಯಾದ ಒಂದೇ ಒಂದು ಹೊಸ ಬೆಲ್ಟು ತಂದು ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟಿದ್ದಳು.

ಈಗ ಅವಳ ಕಣ್ಣು ಜಗಲಿಯ ಕಡೆ ಹೋಯಿತು. ಅಲ್ಲಿ ಕುಂಕುಮ ಮಾತ್ರ ಇತ್ತು.

“ರೀ, ಜಗಲಿ ಮ್ಯಾಲಿನ ಬೆಲ್ಟ ಎಲ್ಲೈತ್ರಿ?”

“ಹೆಪ್ಪಿಗೆ ಹಾಕೀನಿ.”

“ಹೆಪ್ಪಿಗೆ?”

“ಮತ್ತ? ಹೆಪ್ಪಿಲ್ಲದ ಮೊಸರಾಕ್ಕೈತೇನು?” ಮಾಸ್ತರರು ಪಾಠ ಶುರುಮಾಡಿದರು. “ತಳಕ್ಕ ಹೊಸಾ ಬೆಲ್ಟ. ಅದರ ಮ್ಯಾಲ ಹಿಟ್ಟಿನ ಗಿರಣೀದು, ಅದರ ಮ್ಯಾಲ ಮುಚ್ಚಿದ ಟಾಕೀಜಿನ ಪ್ರೊಜೆಕ್ಟರಿಂದು, ಕಡೀಗೆ ಕಬ್ಬಿನ ಹಾಲಿನ ಗಾಡೀದು. ಎಲ್ಲಾ ಗುಜರಿ ಮಾಲು. ಕರಗಿಸಿ, ನೆನಪಿನ ಶಕ್ತಿ ತುಂಬಿ ಒಂದು ಬೆಲ್ಟ ಮಾಡೀನಿ. ಒಮ್ಮೆ ಬಿಗದ್ರ ಆ ಬಿಗೀನ ನೆನಪಿಟ್ಟಕೊಂತೈತಿ. ಸಡ್ಲ ಆಗೂ ಮಾತ ಇಲ್ಲ.”

“ರಬ್ಬರಿಗೆ ನೆನಪ ಕೊಟ್ರಿ. ನಿಮಗ ಇಟ್ಕೋಬೇಕಿತ್ತು ಸ್ವಲ್ಪ. ಅದನ್ನ ಮುಟ್ಟಬ್ಯಾಡ್ರಿ ಅಂತ ಎಷ್ಟ ಸಲ ಹೇಳಿದ್ದೆ?”

ಮಾಸ್ತರರು ಆ ಪ್ರಶ್ನೆಯನ್ನು ವಿಜ್ಞಾನದ ವ್ಯಾಪ್ತಿಗೆ ಬಾರದ್ದೆಂದು ಕೈಬಿಟ್ಟು, ಬಾನೆಟ್ಟು ತೆರೆದು ಬೆಲ್ಟು ತೊಡಿಸಿದರು. ನೀಲಕ್ಕ ಕಿವಿ ಮುಚ್ಚಿಕೊಂಡು ಗಾಡಿ ಚಾಲೂ ಮಾಡಿದಳು. ಏನೂ ಕಿರುಚಲಿಲ್ಲ. ಎಂಜಿನ್ನು ಊಟವಾದ ಬೆಕ್ಕಿನ ಹಾಗೆ ಗುರುಗುಟ್ಟಿತು. ಸುಳ್ಳೇಕೆ, ಅವಳಿಗೆ ಸಂತೋಷವಾಯಿತು. ಅಂದು ಮಾಸ್ತರರಿಗೆ ಎರಡು ಕಪ್ ಚಹಾ ಸಿಕ್ಕಿತು.

ಆ ಸಂತೋಷ ಶುಕ್ರವಾರದವರೆಗೆ ಬಾಳಿತು.

ಶುಕ್ರವಾರ ಮುಂಜಾನೆ ಕನ್ನಡ ಶಾಲೆಯ ಟೀಚರ್ ದ್ರಾಕ್ಷಾಯಣಿಗೆ ಪಾಠವಿತ್ತು. ಸ್ಟೇಷನ್ ರಸ್ತೆಯಲ್ಲಿ ಕಾರು ಹತ್ತು ಮಾರು ಮುಂದೆ ಹೋಯಿತು, ಅಷ್ಟೇ ಹಿಂದೆ ಬಂತು, ಮತ್ತೆ ಮುಂದೆ ಹೋಯಿತು.

“ನಾ ರಿವರ್ಸ್ ಹಾಕಿಲ್ರಿ ಅಕ್ಕಾರ,” ಎಂದಳು ದ್ರಾಕ್ಷಾಯಣಿ, ಎರಡೂ ಕೈ ಮೇಲೆತ್ತಿ.

ಬಾನೆಟ್ಟಿನ ಒಳಗಿಂದ ಝಲ್ ಝಲ್ ಎಂದು ಗೆಜ್ಜೆಯ ಸದ್ದು ಬರತೊಡಗಿತು. ಕಬ್ಬು ಒಮ್ಮೆ ಮುಂದೆ ಹೋಗಿ, ಮಡಚಿ ಹಿಂದೆ ಬಂದು, ಮತ್ತೆ ಮುಂದೆ ಹೋದರಷ್ಟೇ ಹಾಲು ಪೂರ್ತಿ ಇಳಿಯುವುದಲ್ಲವೇ? ಕಾರು ರಸ್ತೆಯನ್ನು ಹಾಗೆ ಹಿಂಡುತ್ತಿತ್ತು. ರೇಡಿಯೇಟರಿನಿಂದ ಹಸಿರು ನೀರು ತೊಟ್ಟಿಕ್ಕಿತು. ಗೆಜ್ಜೆ ಕೇಳಿ ಬಂದ ಒಬ್ಬ ಅಜ್ಜ ಕಿಟಕಿಯಲ್ಲಿ ತಲೆ ಹಾಕಿ, “ಶುಂಠಿ ಜಾಸ್ತಿ ಹಾಕವಾ, ಬರ್ಫ ಬ್ಯಾಡ,” ಎಂದ.

ನೀಲಕ್ಕ ಮನೆಗೆ ಬಂದವಳೇ ಜಗಳಕ್ಕೆ ನಿಂತಳು. “ಫ್ಯಾನ್ ಬೆಲ್ಟ ಫ್ಯಾನ್ ತಿರಗಸ್ತೈತಿ, ಪಂಪ ತಿರಗಸ್ತೈತಿ, ಡೈನಮೋ ತಿರಗಸ್ತೈತಿ. ಗಾಲಿಗೂ ಅದಕ್ಕೂ ಏನ್ರೀ ಸಂಬಂಧ? ಗಾಡೀನ ಹೆಂಗ ನಡಸ್ತೈತಿ ಅದು?”

“ಮನ್ಯಾಗ ದುಡಿಯಾಕಿ ನೀನು. ನಡಸಾವ ನಾನು. ಹಂಗ.”

ಅವಳು ಹೋಗಿ ಕತ್ತರಿ ತಂದಳು. ಬೆಲ್ಟನ್ನು ಕಚಕ್ಕನೆ ಕತ್ತರಿಸಿದಳು. ಎರಡು ತುದಿಗಳೂ ಒಂದನ್ನೊಂದು ನೆನಸಿಕೊಂಡು ಬಂದು ಕೂಡಿಕೊಂಡವು. ಕುಡುಗೋಲಿನಿಂದ ಕೊಯ್ದಳು, ಕೂಡಿಕೊಂಡವು. ಬಿಗಿ ಸಡಲಿಸಿ ಜಾರಿಸಿ ತೆಗೆಯಲು ನೋಡಿದರೆ ಅದು ಪುಲ್ಲಿಯನ್ನು ಇನ್ನಷ್ಟು ಅಪ್ಪಿಕೊಂಡಿತು.

“ನಾ ಹೇಳಲಿಲ್ಲೇನು? ಸಡ್ಲ ಆಗಂಗಿಲ್ಲ,” ಎಂದರು ಮಾಸ್ತರರು. ಅವರ ದನಿಯಲ್ಲಿದ್ದದ್ದು ಅಭಿಮಾನ. ನೀಲಕ್ಕ ಕುಡುಗೋಲನ್ನು ತಾನೇ ದೂರ ಇಟ್ಟಳು.

ಶನಿವಾರ ಕಾರು ಸಂತೆಯ ನಡುವೆ ತಾನಾಗಿ ನಿಂತು ಇಂಟರ್ವಲ್ ಕೊಟ್ಟಿತು. ಒಂದು ಪೊಟ್ಟಣ ಶೇಂಗಾ ತಿಂದು ಮುಗಿಸುವಷ್ಟು ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಹೆಡ್‌ಲೈಟು ಹತ್ತಿ, ಬದನೆಕಾಯಿ ಅಂಗಡಿಯ ಹಿಂದಿನ ಗೋಡೆಯ ಮೇಲೆ ಕುದುರೆ ಓಡತೊಡಗಿದವು, ಕತ್ತಿ ಮಿಂಚಿದವು. ಸಂತೆಗೆ ಬಂದವರು ಚೀಲ ಹಾಸಿಕೊಂಡು ಕೂತರು. ಪೊಲೀಸಪ್ಪ ಬಂದು ಗಾಡಿ ತೆಗೆಯಲು ಹೇಳಿದರೆ, ನಾಯಕ ಇನ್ನೂ ಜೈಲಿನಲ್ಲಿದ್ದಾನೆಂದು ಜನ ಅವನನ್ನೇ ಗದರಿಸಿ ಕೂರಿಸಿದರು. ನೀಲಕ್ಕ ಸ್ಟೇರಿಂಗಿನ ಮೇಲೆ ಹಣೆ ಇಟ್ಟು, ಅಪ್ಪಾ, ನಿನ್ನ ಗಾಡಿಗೆ ಎಂಥ ಗತಿ ತಂದೆ ನಾನು ಎಂದು ಅತ್ತಳು. ಹಿಂದಿನಿಂದ ಯಾರೋ, ತಲೆ ತೆಗೀರಿ, ಕಾಣವಲ್ದು ಎಂದರು.

ರವಿವಾರ ಗಿರಣಿಯ ಸರದಿ. ಓಣಿಯಲ್ಲಿ ಕರೆಂಟು ಹೋದಾಗಲೆಲ್ಲ ಪೆಟ್ರೋಲ್ ಕಾರು ನಿಂತಿತು, ಕರೆಂಟು ಬಂದಾಗ ಹೊರಟಿತು. ಕಿಟಕಿಯಿಂದ ಹಿಟ್ಟು ಹಾರಿತು. ಎದುರು ಮನೆಯ ಸೊಸೆ ಜೋಳದ ಬುಟ್ಟಿ ತಂದು ಬಾನೆಟ್ಟಿನ ಮೇಲಿಟ್ಟು, “ಸಣ್ಣಗ ಬೀಸ್ರಿ ಅಕ್ಕಾರ, ರೊಟ್ಟಿಗೆ,” ಎಂದಳು. ನೀಲಕ್ಕ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ಪಡಸಾಲೆಗೆ ಬಂದು ಕುಸಿದು ಕೂತಳು. ಬೈಯುವ ಶಕ್ತಿಯೂ ಉಳಿದಿರಲಿಲ್ಲ.

“ನಾಳೆ ಸೋಮವಾರ ರೀ. ಎಲ್ಲಾ ಮುಗೀತು.”

ಮಾಸ್ತರರು ಪಕ್ಕದಲ್ಲಿ ಕೂತು ಸೆರಗಿನ ಹಿಟ್ಟು ಕೊಡವಿದರು. ಕೊಡವುತ್ತ ಕೊಡವುತ್ತ ಅವರ ಕೈ ನಿಂತಿತು.

“ನೀಲಾ, ಕಡೀಗೆ ಹಾಕಿದ್ದು ಕಬ್ಬಿನ ಗಾಡೀದು. ಅದು ಮೊದ್ಲ ನೆನಪಾತು. ಆಮ್ಯಾಲ ಟಾಕೀಜು. ಆಮ್ಯಾಲ ಗಿರಣಿ. ಇದು ಮ್ಯಾಲಿಂದ ಕೆಳಗ ನೆನಸ್ಕೊಂತ ಇಳ್ಯಾಕ ಹತ್ತೈತಿ. ತಳದಾಗ ಏನೈತಿ?”

ನೀಲಕ್ಕ ತಲೆ ಎತ್ತಿದಳು. “ನನ್ನ ಹೊಸಾ ಬೆಲ್ಟ.”

“ಅದಕ್ಕ ಹಳೇ ನೆನಪ ಎಲ್ಲೆ ಬರಬೇಕು? ಎಂದೂ ಎಲ್ಲೂ ದುಡದಿಲ್ಲ. ನಾಳೆ ಅದು ಹುಟ್ಟಿದ ಕೂಸು ಇದ್ದಂಗ.”

ನೀಲಕ್ಕನ ಎದೆಯಲ್ಲಿ ಆಸೆ ಹುಟ್ಟಿತು. ಆಸೆ ಕೆಟ್ಟದ್ದು, ನಿದ್ದೆ ಮಾಡಗೊಡುವುದಿಲ್ಲ. ಮಲಗುವ ಮೊದಲು ಅವಳು ಗಂಡನ ಕೈಯನ್ನು ಜಗಲಿಯ ಮೇಲೆ ಇಡಿಸಿ ಆಣೆ ಮಾಡಿಸಿದಳು. ನಾಳೆ ಮೈದಾನದಲ್ಲಿ ಅವರು ಬಾಯಿ ತೆರೆಯಕೂಡದು.

ಸೋಮವಾರ ಕಾರು ಮದುವಣಗಿತ್ತಿಯಂತೆ ತಗ್ಗಿ ನಡೆಯಿತು. ಗೆಜ್ಜೆಯಿಲ್ಲ, ಕುದುರೆಯಿಲ್ಲ, ಹಿಟ್ಟಿಲ್ಲ. ಮೈದಾನದಲ್ಲಿ ತಪಾಸಣೆಯ ಇನಾಮದಾರ ಸಾಹೇಬರು ಬ್ರೇಕು ನೋಡಿದರು, ಹಾರ್ನು ನೋಡಿದರು, ದೀಪ ನೋಡಿದರು. ಎಂಜಿನ್ನು ಆರಿಸಿ, ಬಾನೆಟ್ಟು ಎತ್ತಿಸಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಅರ್ಧ ಇಂಚು ಬಾಗಿ ಎದ್ದಿತು.

“ಬೆಲ್ಟ ಅಂದ್ರ ಹಿಂಗಿರಬೇಕ ನೋಡ್ರಿ,” ಎಂದು ಸಾಹೇಬರು ಕಿಸೆಯಿಂದ ಪೆನ್ನು ತೆಗೆದರು. ನೀಲಕ್ಕನ ಕಣ್ಣು ತುಂಬಿ ಬಂದವು.

ಹೊಗಳಿಕೆ ಕೇಳಿಯೂ ಸುಮ್ಮನಿರಬಲ್ಲ ಸಂಶೋಧಕ ಇನ್ನೂ ಹುಟ್ಟಿಲ್ಲ. ಮಾಸ್ತರರು ಮುಂದೆ ಬಂದರು.

“ಸಾಹೇಬ್ರ, ಅದು ಅಂಗಡಿ ಮಾಲಲ್ರಿ. ನಾ ಮಾಡಿದ್ದು. ನೆನಪಿನ ರಬ್ಬರ್. ತನ್ನ ಹಿಂದಿನ ಜನ್ಮಾ ಎಲ್ಲಾ ನೆನಸ್ಕೊಂತೈತಿ.”

“ರೀ,” ಎಂದಳು ನೀಲಕ್ಕ.

“ಹೌದೇನು?” ಸಾಹೇಬರಿಗೆ ಕುತೂಹಲವಾಯಿತು. “ಬೆಲ್ಟ ಆಗೂಕಿಂತ ಮೊದ್ಲ ಏನಿತ್ರಿ ಇದು?”

“ರೀ, ಬ್ಯಾಡ್ರಿ.”

“ಈಗ ತೋರಸ್ತೀನಿ,” ಎಂದು ಮಾಸ್ತರರು ಕಿಟಕಿಯಿಂದ ಕೈ ಹಾಕಿ ಬೀಗದ ಕೈ ತಿರುಗಿಸಿದರು.

ಎಂಜಿನ್ನು ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಗಾಳಿಯಲ್ಲಿ ಹಸಿ ರಬ್ಬರ್ ಹಾಲಿನ ವಾಸನೆ ಹರಡಿತು. ಪುಲ್ಲಿಗಳ ನಡುವಿನಿಂದ ಬೆಲ್ಟು ಮೆಲ್ಲನೆ ಬಿಳಿಚಿಕೊಂಡು ಕೆಳಗಿಳಿದು ನೆಲ ಹೊಕ್ಕಿತು. ನಾಲ್ಕೂ ಗಾಲಿಗಳಿಗೆ ಬೇರು ಸುತ್ತಿಕೊಂಡವು. ತೆರೆದ ಬಾನೆಟ್ಟಿನಿಂದ ಒಂದು ಕಾಂಡ ಎದ್ದು, ಕವಲೊಡೆದು, ಮೂರು ಮೂರರ ಗೊಂಚಲಾಗಿ ಎಲೆ ಬಿಟ್ಟಿತು. ಬೇರಿನ ಒತ್ತಡಕ್ಕೆ ಕಳಚಿ ರೇಡಿಯೇಟರಿನ ಕೆಳಗೆ ಬಿದ್ದಿದ್ದ ಗಾಲಿಯ ಮುಚ್ಚಳದೊಳಗೆ ಬಿಳಿ ಹಾಲು ತೊಟ್ಟು ತೊಟ್ಟಾಗಿ ಬೀಳತೊಡಗಿತು.

ಸಾಹೇಬರು ಪೆನ್ನನ್ನು ಕಿಸೆಗೆ ಹಾಕಿಕೊಂಡರು.

“ಅಕ್ಕಾರ, ಗಾಡಿ ಆದ್ರ ಎಫ್‌ಸಿ ಕೊಡಬಹುದು. ಗಿಡಕ್ಕ ಹೆಂಗ ಕೊಡ್ಲಿ?”

“ನಪಾಸರೆ ಮಾಡ್ರಿ. ಗುಜರಿಗೆ ಹಾಕಿ ಮನೀಗೆ ಹೋಗ್ತೀನಿ,” ಎಂದಳು ನೀಲಕ್ಕ. ಅವಳ ದನಿಯಲ್ಲಿ ಏನೂ ಉಳಿದಿರಲಿಲ್ಲ.

“ಅದೂ ಆಗಂಗಿಲ್ರಿ. ಬೇರ ಬಿಟ್ಟೈತಿ. ಹಸೀ ಗಿಡ ಕೀಳಾಕ ಅರಣ್ಯದವ್ರ ಅಪ್ಪಣಿ ಬೇಕು.”

ಹೀಗೆ ನೀಲಾಂಬಿಕಾ ಡ್ರೈವಿಂಗ್ ಶಾಲೆ ಮುಚ್ಚಿತು. ದ್ರಾಕ್ಷಾಯಣಿ ಬೇರೆ ಕಡೆ ಕಲಿತಳು. ಮೈದಾನಕ್ಕೆ ಬರುವವರು ಆ ಗಿಡದ ಕೆಳಗೆ ಸ್ಕೂಟರು ನಿಲ್ಲಿಸುತ್ತಾರೆ, ಬಾನೆಟ್ಟಿನ ಮೇಲೆ ಬುತ್ತಿ ಬಿಚ್ಚುತ್ತಾರೆ. ನೀಲಕ್ಕ ಆಗಾಗ ಹೋಗಿ ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗ್ ಹಿಡಿದುಕೊಂಡು ಬರುತ್ತಾಳೆ. ಕ್ಲಚ್ಚು ಒತ್ತಿದರೆ ಒಂದೆರಡು ಎಲೆ ಉದುರುತ್ತವೆ.

ಮಾಸ್ತರರು ಮಾತ್ರ ಕೈಕಟ್ಟಿ ಕೂರಲಿಲ್ಲ. ಗಾಲಿಯ ಮುಚ್ಚಳದಲ್ಲಿ ಕೂಡಿದ ಹಾಲನ್ನು ದಿನವೂ ಹೊತ್ತು ತಂದರು. ನೆನಪು ಗಿನಪು ಏನನ್ನೂ ಬೆರೆಸದೆ, ಅಂಗಡಿಯ ಬೆಲ್ಟಿನ ಹಾಗೆ ಸಾದಾ ಬೆಲ್ಟೊಂದನ್ನು ಎರಕ ಹೊಯ್ದು, ಒಂದು ಸಂಜೆ ಹೆಂಡತಿಯ ಮುಂದೆ ಹಿಡಿದು ತಲೆ ತಗ್ಗಿಸಿ ನಿಂತರು.

ನೀಲಕ್ಕ ಬೆಲ್ಟನ್ನು ತಿರುವಿ ನೋಡಿದಳು. ತನ್ನ ಗೇಣಿನಿಂದ ಅಳೆದಳು. ಕಿಟಕಿಯ ಸರಳುಗಳಿಗೆ ತೊಡಿಸಿ ಬಿಗಿದು ಹೆಬ್ಬೆರಳಿನಿಂದ ಒತ್ತಿದಳು. ಅರ್ಧ ಇಂಚು ಬಾಗಿತು.

“ಅಳತಿ ಸರಿ ಐತ್ರಿ,” ಎಂದಳು. “ಇನ್ನ ಇದಕ್ಕ ತಕ್ಕ ಕಾರೊಂದು ಹುಡಕ್ರಿ.”