ಬ್ಯಾಂಕಾಕಿನಲ್ಲಿ ಸೀಟು ಹಿಡಿದದ್ದು

ಓದುವವರು ಮೊದಲೇ ಕ್ಷಮಿಸಿಬಿಡಬೇಕು. ನನ್ನ ಅಕ್ಷರ ಬಗ್ಗಿಸಿಟ್ಟ ಕಬ್ಬಿಣದ ಕಂಬಿಯ ಹಾಗಿದೆ. ಮಾತೂ ಹೆಚ್ಚುಕಡಿಮೆ ಅಷ್ಟೇ ನಯ. ಪಿಯುಸಿ ಅರ್ಧಕ್ಕೆ ಬಿಟ್ಟವಳು ನಾನು. ಆಮೇಲೆ ದೇವನಹಳ್ಳಿಯಲ್ಲಿ ನಮ್ಮ ಸೋದರಮಾವ ಸಿದ್ದರಾಜು ಅವರ ಸಿಮೆಂಟ್ ಅಂಗಡಿಯಲ್ಲಿ ಬಿಲ್ ಬರೆಯುತ್ತಾ ಕೂತೆ. ‘ಸಿಮೆಂಟ್ ಇಪ್ಪತ್ತು ಮೂಟೆ, ಕಟ್ಟುವ ತಂತಿ ಎರಡು ಕೆಜಿ’ ಎಂಬುದಕ್ಕಿಂತ ಉದ್ದದ ವಾಕ್ಯ ಬರೆದು ಬಹಳ ಕಾಲವಾಯಿತು. ಆದ್ದರಿಂದ ಪ್ರತಿ ಸಾಲನ್ನೂ ಮೊದಲು ಪೆನ್ಸಿಲಿನಲ್ಲಿ ಬರೆದು, ಸರಿಯೆನಿಸಿದ ಮೇಲೆ ಪೆನ್ನು ಮುಟ್ಟುತ್ತಿದ್ದೇನೆ.

ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆ ಮನೆ ಕಟ್ಟಿಸದವರೇ ಇಲ್ಲ. ಮಾವನ ಅಂಗಡಿಯಲ್ಲಿ ಸಿಮೆಂಟು ಹೊಳೆಯಂತೆ ಹರಿಯಿತು. ಕಂಪನಿಯವರು ಮೆಚ್ಚಿ ಇಬ್ಬರಿಗೆ ಬ್ಯಾಂಕಾಕ್ ಪ್ರವಾಸ ಕೊಟ್ಟರು! ಮಾವ ಆ ದಿನವೇ ಒಂದು ಕೂಲಿಂಗ್ ಗ್ಲಾಸ್ ಕೊಂಡು ತಂದರು. ಅದನ್ನು ನಮ್ಮ ಅತ್ತೆ ವರಲಕ್ಷ್ಮಮ್ಮ ನೋಡಿಬಿಟ್ಟರು.

“ಏನ್ರೀ, ಬ್ಯಾಂಕಾಕಲ್ಲಿ ಏನಿದೆ?”

“ದೇವಸ್ಥಾನ ಕಣೇ. ಬುದ್ಧನ ದೇವಸ್ಥಾನ.”

“ದೇವಸ್ಥಾನಕ್ಕೆ ಕರೀ ಕನ್ನಡಕ ಯಾಕ್ರೀ? ನೀವು ಅಂಗಡಿ ನೋಡ್ಕೊಳ್ಳಿ. ನಾನೂ ಚಂದನಾನೂ ಹೋಗ್ಬರ್ತೀವಿ!”

ಹೀಗೆ ಒಂದು ಬಸ್ಸು ತುಂಬ ಗಂಡಸು ಸಿಮೆಂಟ್ ವ್ಯಾಪಾರಿಗಳ ನಡುವೆ ರೇಷ್ಮೆ ಸೀರೆಯ ಅತ್ತೆ, ಅವರ ಸೆರಗಿನ ಹಿಂದೆ ಚಂದನಾ ಎಂಬ ನಾನು. ಕೊನೆಯ ದಿನ ಎಲ್ಲರೂ ಹೋಟೆಲಿನಲ್ಲಿ ಮಲಗಿದ್ದರು. ಸಂಜೆ ಐದಕ್ಕೆ ಏರ್‌ಪೋರ್ಟಿಗೆ ಹೊರಡಬೇಕು. ಅತ್ತೆಗೆ ಅಷ್ಟರೊಳಗೆ ಬಟ್ಟೆ ಮಾರ್ಕೆಟ್ ನೋಡುವ ಆಸೆ. ಆಗ ನಾನೊಂದು ಪ್ರತಿಜ್ಞೆ ಮಾಡಿದೆ. ಜೋರಾಗಿ ಮಾತಾಡುವ ಅಭ್ಯಾಸ ನನಗಿಲ್ಲ, ಮನಸ್ಸಿನಲ್ಲೇ ಮಾಡಿದೆ: ದೇವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸಂಜೆಯ ಬಸ್ಸಿಗೆ ಸೀಟು ಹಿಡಿದ ಹುಡುಗಿಗೆ ಬ್ಯಾಂಕಾಕ್ ಯಾವ ಲೆಕ್ಕ? ಟ್ಯಾಕ್ಸಿಯ ಹಂಗಿಲ್ಲದೆ ಅತ್ತೆಯನ್ನು ಸಿಟಿ ಬಸ್ಸಿನಲ್ಲೇ ಕರೆದೊಯ್ದು, ಸಿಟಿ ಬಸ್ಸಿನಲ್ಲೇ ಕರೆತರುತ್ತೇನೆ!

ಹೋಗುವಾಗ ಎಲ್ಲವೂ ಸರಾಗ. ಬರುವಾಗ ನೋಡಿ, ಸ್ಟಾಪಿನ ತುಂಬ ಜನ. ನಮ್ಮ ನಂಬರಿನ ಕೆಂಪು ಬಸ್ಸು ಬಂತು, ಕಿಟಕಿಗಳೆಲ್ಲ ತೆರೆದಿದ್ದವು. ಮುಂದಿನ ಬಾಗಿಲ ಪಕ್ಕದಲ್ಲೇ ಒಂದು ಸೀಟು ಖಾಲಿ!

“ಏಯ್, ಸೀಟ್ ಹಿಡಿಯೇ!” ಎಂದರು ಅತ್ತೆ.

ನಮ್ಮಲ್ಲಿ ಈ ಮಾತಿಗೆ ಯಾರೂ ಯೋಚಿಸುವುದಿಲ್ಲ. ಬಸ್ಸು ನಿಲ್ಲುವ ಮೊದಲೇ ಟವೆಲೋ ಚೀಲವೋ ಕಿಟಕಿಯಿಂದ ಒಳಗೆ ಬೀಳಬೇಕು. ಬಿದ್ದರೆ ಆ ಸೀಟು ನಮ್ಮದು. ನಮ್ಮೂರ ಪಿಳ್ಳಮ್ಮ ಒಮ್ಮೆ ಹೆತ್ತ ಕೂಸನ್ನೇ ಕಿಟಕಿಯಿಂದ ಒಳಗೆ ಕೊಟ್ಟು ಸೀಟು ಹಿಡಿದಿದ್ದಳು! ನನ್ನ ಹೆಗಲಲ್ಲಿ ಅತ್ತೆ ಶಿವಗಂಗೆಯಲ್ಲಿ ಕೊಂಡ ಕಾವಿ ಬಣ್ಣದ ಜೋಳಿಗೆಯಿತ್ತು. ಬೀಸಿ ಎಸೆದೆ. ಸೀಟಿನ ನಟ್ಟನಡುವೆ ಕೂತಿತು. ದೇವನಹಳ್ಳಿಯ ಮಾನ ಉಳಿಯಿತು!

ಆಮೇಲೆ ಹತ್ತಬೇಕಿತ್ತು. ಆದರೆ ಅಲ್ಲಿಯ ಜನ ನುಗ್ಗುವುದಿಲ್ಲ, ಸಾಲಾಗಿ ನಿಲ್ಲುತ್ತಾರೆ. ಸೀಟು ಹೇಗೂ ನಮ್ಮದಾಯಿತಲ್ಲ ಎಂಬ ಧೈರ್ಯದಿಂದ, ಸಂಕೋಚದಿಂದ, ನಾನು ಎಲ್ಲರಿಗೂ ದಾರಿ ಬಿಟ್ಟೆ. ಮುದುಕರಿಗೆ ಬಿಟ್ಟೆ, ಬಸುರಿಗೆ ಬಿಟ್ಟೆ, ಕೋಳಿ ಹಿಡಿದವನಿಗೂ ಬಿಟ್ಟೆ. ಬಾಗಿಲು ಮುಚ್ಚಿತು. ಬಸ್ಸು ಹೊರಟಿತು. ಜೋಳಿಗೆ ಕಿಟಕಿಯ ಪಕ್ಕ ಕೂತು ಆರಾಮಾಗಿ ಹೋಯಿತು!

“ಹೋದ್ರೆ ಹೋಯ್ತು ಬಿಡು, ಹಳೇ ಜೋಳಿಗೆ,” ಎಂದರು ಅತ್ತೆ.

“ಅತ್ತೆ... ಪಾಸ್‌ಪೋರ್ಟು...”

ಪ್ರವಾಸ ನಡೆಸುತ್ತಿದ್ದ ಶ್ರೀಧರ್ ‘ಪಾಸ್‌ಪೋರ್ಟ್ ಯಾವಾಗಲೂ ಜೊತೆಗಿರಲಿ’ ಎಂದಿದ್ದರು. ನಾನು ಎರಡನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟವೆಲಿನಲ್ಲಿ ಕಟ್ಟಿ, ಪಿನ್ನು ಹಾಕಿ, ಜೋಳಿಗೆಯ ತಳದಲ್ಲಿಟ್ಟಿದ್ದೆ. ಇಷ್ಟು ಜೋಪಾನವಾಗಿ ಯಾರೂ ಯಾವ ವಸ್ತುವನ್ನೂ ಬಿಸಾಡಿರಲಾರರು!

ಅತ್ತೆ ಫುಟ್‌ಪಾತಿನ ಮೇಲೆ ಕುಸಿದು ಕೂತರು. ನಾನು ಅಳುವುದಕ್ಕೆ ಶುರುಮಾಡಿದೆ.

“ಶ್ರೀಧರ್‌ಗೆ ಫೋನ್ ಮಾಡ್ಲಾ ಅತ್ತೆ?”

“ಮಾಡ್ದೆ ಅಂದ್ರೆ ನೋಡು! ಅವ್ನು ನಿಮ್ಮಾವಂಗೆ ಹೇಳ್ತಾನೆ. ಮುಂದಿನ್ ವರ್ಷ ನಿಮ್ಮಾವ ಕನ್ನಡಕ ಹಾಕ್ಕೊಂಡು ಒಬ್ರೇ ಹೊರಡ್ತಾರೆ. ಏಳು, ಬಸ್ ಹಿಡಿ!”

ಪಕ್ಕದಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಬಾಡಿಗೆ ಬೈಕಿನವರು ಕೂತಿದ್ದರು. ಅವರಿಗೆ ನನ್ನ ಭಾಷೆ ಬಾರದು, ನನಗೆ ಅವರದು ಬಾರದು. ಕ್ಲಾಸಿನಲ್ಲಿ ಹಾಜರಿಗೂ ಬಾಯಿಬಿಡದ ನಾನು ನಡುಬೀದಿಯಲ್ಲಿ ನಾಟಕವಾಡಿದೆ. ಅಂಗೈ ಮೇಲೆ ಬಸ್ಸಿನ ನಂಬರು ಬರೆದು ತೋರಿಸಿದೆ. ಇಲ್ಲದ ಜೋಳಿಗೆಯನ್ನು ಇಲ್ಲದ ಕಿಟಕಿಗೆ ಎಸೆದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಎರಡೂ ಕೈ ಚಾಚಿ ವಿಮಾನದಂತೆ ಹಾರಿ ತೋರಿಸಿದೆ. ನಗು ಥಟ್ಟನೆ ನಿಂತಿತು. ಇಬ್ಬರು ಬೈಕ್ ಸ್ಟಾರ್ಟ್ ಮಾಡಿದರು.

ಅತ್ತೆ ಬೈಕಿನ ಮೇಲೆ ಅಡ್ಡಡ್ಡ ಕೂತು, ಬ್ಯಾಂಕಾಕಿನವನಿಗೆ ಕನ್ನಡದಲ್ಲಿ ದಾರಿ ಹೇಳಿದರು. “ಎಡಕ್ಕೆ ತಗೊಳ್ಳಪ್ಪಾ! ಅಯ್ಯೋ ಲಾರಿ! ನಿಧಾನಕ್ಕೆ ಕಣಪ್ಪಾ, ನಿಂಗೂ ಮಕ್ಕಳಿರ್ತಾವೆ!” ಅವನು ಹೂಂ ಹೂಂ ಎನ್ನುತ್ತಾ ತನಗೆ ತಿಳಿದಂತೆ ಓಡಿಸಿದ.

ಮುಂದೆ ರಸ್ತೆ ಪೂರ್ತಿ ಜಾಮ್. ಬೈಕು ಕೂಡ ತೂರಲಾರದು. ಅವರು ನಮ್ಮನ್ನು ಒಂದು ಕಾಲುವೆಯ ದಡಕ್ಕೆ ತಂದು, ದೋಣಿಯ ಟಿಕೆಟ್ ಕೊಡುವಾಕೆಗೆ ಏನೋ ಹೇಳಿ, ನಮಗೆ ಎರಡು ಬೆರಳು ತೋರಿಸಿದರು: ಎರಡನೇ ಕಟ್ಟೆಯಲ್ಲಿ ಇಳಿಯಿರಿ, ಬಸ್ಸು ಅಲ್ಲಿಗೇ ಬರುತ್ತದೆ. ಹಣ ಕೊಡಹೋದರೆ ಕೈಯಾಡಿಸಿ ‘ಹತ್ತಿ, ಹತ್ತಿ’ ಎಂದು ಸನ್ನೆಯಲ್ಲೇ ಅವಸರಪಡಿಸಿದರು.

ಆ ಕಾಲುವೆಯ ದೋಣಿಯೇ ಅವರಿಗೆ ಸಿಟಿ ಬಸ್ಸು. ಅದು ನಿಲ್ಲುವುದಿಲ್ಲ, ನಿಂತಂತೆ ಮಾಡುತ್ತದೆ. ಹಗ್ಗ ಹಿಡಿದು ಹಾರಬೇಕು. ಅತ್ತೆ ಸೆರಗು ಸಿಕ್ಕಿಸಿ ಹಾರಿದ್ದನ್ನು ಮಾವ ನೋಡಿದ್ದರೆ ಎರಡು ದಿನ ಊಟ ಬಿಡುತ್ತಿದ್ದರು! ನೀರು ಸಿಡಿಯದಂತೆ ಅಂಚಿನಲ್ಲಿ ಕೂತವರು ಹಗ್ಗ ಎಳೆದು ಟಾರ್ಪಾಲಿನ ಪರದೆ ಏರಿಸಿ ಹಿಡಿಯಬೇಕು. ಹಗ್ಗ ಅತ್ತೆಯ ಕೈಗೆ ಬಂತು. ಬಾವಿಯಿಂದ ನೀರು ಸೇದಿದ ಕೈ, ಚೆನ್ನಾಗಿಯೇ ಎಳೆದರು. ಆದರೆ ಎದುರಿನ ದೋಣಿಯಲ್ಲೊಂದು ಜೋಳಿಗೆ ಕಂಡು “ಅಗೋ!” ಎಂದು ಕೈ ಬಿಟ್ಟರು. ಟೈ ಕಟ್ಟಿದ ಒಬ್ಬ ದೊಡ್ಡಮನುಷ್ಯರಿಗೆ ಕಾಲುವೆಯ ಸ್ನಾನವಾಯಿತು. ಅತ್ತೆ ತಮ್ಮ ಸೆರಗಿನಿಂದಲೇ ಅವರ ಕನ್ನಡಕ ಒರೆಸಿದರು. ಪಾಪ, ಅವರೇ ನಮಗೆ ಕೈ ಮುಗಿದರು.

ಟಿಕೆಟಿನಾಕೆ ಸನ್ನೆ ಮಾಡಿದ ಕಡೆ ಇಳಿದು ರಸ್ತೆಗೆ ಓಡಿದೆವು. ನಮ್ಮ ನಂಬರಿನ ಬಸ್ಸು ಬಂತು! ಹತ್ತಿದೆವು. ಅತ್ತೆ ಪ್ರಯಾಣಿಕರ ಕಾಲೆತ್ತಿಸಿ ಸೀಟಿನಡಿ ಹುಡುಕಿದರು. ಆ ನಂಬರಿಗೆ ಬೇರೆ ಬಸ್ಸೂ ಇರುತ್ತದೆಂದು ಆಗ ಹೊಳೆಯಿತು. ಇಳಿದೆವು. ಮೂರೂವರೆ ಆಗಿತ್ತು. ಅತ್ತೆ ಬೈಯುವುದನ್ನೂ ನಿಲ್ಲಿಸಿದ್ದರು. ಬೈಗುಳಕ್ಕಿಂತ ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಮತ್ತೊಂದು ಬಂತು. ಬಸ್ಸಿನೊಳಗೆ ಕಾಲಿಡಲು ಜಾಗವಿಲ್ಲ. ಮುದುಕರು ಕಂಬ ಹಿಡಿದು ನೇತಾಡುತ್ತಿದ್ದಾರೆ. ಆದರೆ ಬಾಗಿಲ ಪಕ್ಕದ ಸೀಟಿನಲ್ಲಿ, ಕಿಟಕಿಗೆ ಒರಗಿ, ನಮ್ಮ ಜೋಳಿಗೆ ಒಂದೇ ಕೂತಿದೆ! ಒಬ್ಬರೂ ಅದನ್ನು ಮುಟ್ಟಿಲ್ಲ. ಅದರ ಪಕ್ಕದಲ್ಲೂ ಯಾರೂ ಕೂತಿಲ್ಲ.

ನಾನು ಜೋಳಿಗೆ ತೋರಿಸಿ ಎದೆ ಮುಟ್ಟಿಕೊಂಡೆ. ಕಂಡಕ್ಟರಮ್ಮ ನನ್ನನ್ನು ನೋಡಿ, ನನ್ನ ಹಿಂದೆ ಯಾರನ್ನೋ ಹುಡುಕಿದರು. ಇಡೀ ಬಸ್ಸೇ ಕತ್ತು ಚಾಚಿ ಹುಡುಕಿತು. ಬಿಳಿ ಬಟ್ಟೆಯ ಒಬ್ಬ ನರ್ಸ್ ಇಂಗ್ಲಿಷಿನಲ್ಲಿ ಕೇಳಿದರು: ಸನ್ಯಾಸಿ ಎಲ್ಲಿ?

ಅಲ್ಲಿ ಬಾಗಿಲ ಪಕ್ಕದ ಸೀಟು ಬೌದ್ಧ ಸನ್ಯಾಸಿಗಳಿಗೆ ಮೀಸಲಂತೆ. ಆ ಸೀಟಿನ ಮೇಲೆ ಕಾವಿ ಜೋಳಿಗೆ ಬಂದು ಕೂತರೆ, ಯಾರೋ ಗುರುಗಳದ್ದು, ಹಿಂದೆಯೇ ಬರುತ್ತಾರೆ ಎಂದು ಎಲ್ಲರೂ ಭಕ್ತಿಯಿಂದ ನಿಂತೇ ಬಂದಿದ್ದಾರೆ!

ನನಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಹೇಳಿದೆ: “ನೋ ಸ್ವಾಮೀಜಿ. ಓನ್ಲಿ ಅತ್ತೆ.”

ಅತ್ತೆ ಏದುಸಿರು ಬಿಡುತ್ತಾ ಮುಂದೆ ಬಂದು ಕೈ ಮುಗಿದರು. ಒದ್ದೆ ಸೀರೆ, ಕೆದರಿದ ತುರುಬು. ನರ್ಸ್ ಎಲ್ಲರಿಗೂ ವಿವರಿಸಿದರು. ನಮಗೆ ಬೈಯುತ್ತಾರೆಂದು ಕಣ್ಣು ಮುಚ್ಚಿಕೊಂಡೆ. ಕಂಡಕ್ಟರಮ್ಮ ಕೈಲಿದ್ದ ಟಿಕೆಟ್ ಡಬ್ಬಿ ಗಲಗಲ ಎನ್ನುವಷ್ಟು ನಕ್ಕರು. ಬಸ್ಸಿಗೆ ಬಸ್ಸೇ ನಕ್ಕಿತು. ಅಷ್ಟು ದೂರ ನಿಂತು ಬಂದ ಮುದುಕರೂ ನಕ್ಕರು! ಕಂಡಕ್ಟರಮ್ಮ ಜೋಳಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು. ಪಿನ್ನು ಹಾಕಿದ್ದು ಹಾಕಿದಂತೆಯೇ ಇತ್ತು. ಟಿಕೆಟ್ಟು ನಮ್ಮಿಬ್ಬರಿಗೆ ಮಾತ್ರ ಹರಿದರು. ಜೋಳಿಗೆಗೆ ಇಲ್ಲ. ಸನ್ಯಾಸಿಗಳಿಗೆ ಬಸ್ಸು ಪುಕ್ಕಟೆಯಂತೆ!

“ಅಬ್ಬಾ!” ಎಂದು ಅತ್ತೆ ಆ ಸೀಟಿನಲ್ಲಿ ಕೂತರು. ಕೂತರೋ ಇಲ್ಲವೋ, ಮುಂದಿನ ಸ್ಟಾಪಿನಲ್ಲಿ ನಿಜವಾದ ಸನ್ಯಾಸಿಯೊಬ್ಬರು ಹತ್ತಿದರು. ಅತ್ತೆ ಎದ್ದು ನಿಂತರು. ಆಗ ಸರಿಯಾಗಿ ಮಾವನ ಫೋನು.

“ಏನೇ, ಎಲ್ಲಿದ್ದೀರಾ? ಚಂದನಾ ಏನೂ ಎಡವಟ್ ಮಾಡಿಲ್ಲ ತಾನೆ?”

ನಾನು ಜೋಳಿಗೆಯನ್ನು ಎದೆಗವಚಿಕೊಂಡೆ. ಅತ್ತೆ ನನ್ನನ್ನೇ ನೋಡಿದರು.

“ಇಲ್ಲ ಕಣ್ರೀ. ಬಸ್ಸಲ್ಲಿದ್ದೀವಿ.”

“ರಶ್ಶಾ? ಸೀಟ್ ಸಿಕ್ತಾ?”

ಅತ್ತೆ ಕಂಬ ಹಿಡಿದು ಜೋಲಾಡುತ್ತಾ ಹೇಳಿದರು: “ಸಿಕ್ತು ಕಣ್ರೀ. ಬ್ಯಾಗಿಗೆ ಸಿಕ್ತು.”

ಆ ಬೈಕಿನವರ, ನರ್ಸಮ್ಮನ, ಕಂಡಕ್ಟರಮ್ಮನ ಹೆಸರು ನನಗೆ ಗೊತ್ತಿಲ್ಲ. ಕೇಳಲು ಬಾಯಿ ಬರಲಿಲ್ಲ. ದೇವರ ಮುಂದೆ ನಿಂತಾಗ ‘ಆ ಬೈಕಿನವರು, ಆ ಬಸ್ಸಿನವರು ಚೆನ್ನಾಗಿರಲಿ’ ಎಂದಷ್ಟೇ ಹೇಳುತ್ತೇನೆ.

ನಾಳೆ ಬೆಳಿಗ್ಗೆ ಅಂಗಡಿಗೆ ಬಸ್ಸಿನಲ್ಲಿ ಹೋಗಬೇಕು. ಜೋಳಿಗೆಯನ್ನು ಹೆಗಲಲ್ಲೇ ಇಟ್ಟುಕೊಂಡು, ನಿಂತೇ ಹೋಗುತ್ತೇನೆ.