ಚನ್ನಬಸವಯ್ಯನ ಹೆಬ್ಬೆಟ್ಟು

ಡೈರಿ ಬರೆಯುವವರ ಮಾತನ್ನು ಅರ್ಧಕ್ಕಿಂತ ಹೆಚ್ಚು ನಂಬಬಾರದು. ಬರೆಯದವರಿಗೆ ಮರೆವು ಒಂದೇ ಕಾಯಿಲೆ. ಬರೆಯುವವರಿಗೆ ಅದರ ಜೊತೆಗೆ ತಿದ್ದುವ ಚಟವೂ ಇರುತ್ತದೆ. ಹೆಂಡತಿಯೊಡನೆ ಜಗಳವಾಡಿ ಸೋತ ದಿನ ‘ಇಂದು ನಾನೇ ತಾಳ್ಮೆ ತಂದುಕೊಂಡೆ’ ಎಂದು ಬರೆದುಕೊಂಡವನು ನಾನು. ಬಸ್ಸಿನಲ್ಲಿ ಒಬ್ಬ ಮುದುಕಿಗೆ ಸೀಟು ಬಿಟ್ಟುಕೊಟ್ಟೆ ಎಂದು ಇನ್ನೊಂದು ಕಡೆ ಇದೆ. ನನಗೆ ನೆನಪಿರುವಂತೆ ಆಕೆಯೇ ನನ್ನ ತೋಳು ಹಿಡಿದು ಎಬ್ಬಿಸಿ ಕೂತಳು. ನೆನಪು ಸುಳ್ಳೋ ಡೈರಿ ಸುಳ್ಳೋ ಎಂದು ಕೇಳಿದರೆ, ಆ ಮುದುಕಿಯನ್ನೇ ಹುಡುಕಿ ತರಬೇಕು. ಮೊನ್ನೆ ಅಟ್ಟದ ಮೇಲಿನ ಟ್ರಂಕು ಇಳಿಸಿ ಹಳೆಯ ಡೈರಿಗಳನ್ನು ತಿರುವುತ್ತಿದ್ದಾಗ ಒಂದು ಪುಟ ಕಣ್ಣಿಗೆ ಬಿತ್ತು. ಅದರಲ್ಲಿ ನಾನು ಬಹಳ ಒಳ್ಳೆಯವನಾಗಿದ್ದೇನೆ. ಅದಕ್ಕೇ ಇದನ್ನು ಬರೆಯಬೇಕಾಗಿದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಚರಿತ್ರೆಯಲ್ಲಿ ಎಂ.ಎ. ಮಾಡಿ, ಯಾವ ಕಾಲೇಜಿಗೂ ನನ್ನ ಅಗತ್ಯ ಕಾಣದೆ, ಪೀಣ್ಯದ ಒಂದು ಎರಕದ ಫ್ಯಾಕ್ಟರಿಯಲ್ಲಿ ಟೈಮ್ ಆಫೀಸ್ ಗುಮಾಸ್ತನಾಗಿದ್ದೆ. ಬೆಳಿಗ್ಗೆ ಕೆಲಸಗಾರರು ಹಲಗೆಯಿಂದ ತಮ್ಮ ತಮ್ಮ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಒಳಗೆ ಹೋಗುವುದನ್ನು ನೋಡುವುದು, ಹಾಜರಿ ಬರೆಯುವುದು, ಪ್ರತಿಯೊಬ್ಬರ ವಿಮಾ ಕಾರ್ಡಿಗೆ ವಾರಕ್ಕೊಂದು ವಂತಿಗೆಯ ಸ್ಟಾಂಪು ಅಂಟಿಸುವುದು ನನ್ನ ಕೆಲಸ. ಸ್ಟಾಂಪಿನ ಗೋಂದು ನಾಲಿಗೆಗೆ ಹತ್ತಿ ಶನಿವಾರದ ಊಟಕ್ಕೆ ರುಚಿಯೇ ಇರುತ್ತಿರಲಿಲ್ಲ. ‘ಮೂಲ ದಾಖಲೆಯನ್ನು ಬಿಟ್ಟು ಬೇರೇನನ್ನೂ ನಂಬಬೇಡಿ’ ಎಂದು ನಮ್ಮ ಪ್ರೊಫೆಸರು ಹೇಳುತ್ತಿದ್ದರು. ಮೂಲ ದಾಖಲೆಗಳು ಹೇಗೆ ಹುಟ್ಟುತ್ತವೆ ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ.

ನಾನಿದ್ದ ಕೋಣೆ ಚೊಕ್ಕಸಂದ್ರದಲ್ಲಿ, ಮುನಿಯಪ್ಪನ ಮನೆಯ ಮುಂಭಾಗ. ಅವನ ರಾಗಿ ಹೊಲ ಹೋದ ಜಾಗದಲ್ಲೇ ನಮ್ಮ ಫ್ಯಾಕ್ಟರಿ ಎದ್ದಿತ್ತು. ಹೊಲ ಹೋದವನಿಗೆ ಅದೇ ಹೊಲದ ಮೇಲೆ ಗ್ರೈಂಡಿಂಗ್ ಶೆಡ್ಡಿನಲ್ಲಿ ಕೆಲಸ: ಎರಕ ಹೊಯ್ದ ಕಬ್ಬಿಣದ ಒರಟು ಅಂಚುಗಳನ್ನು ತಿರುಗುವ ಕಲ್ಲಿಗೆ ಒತ್ತಿ ನಯ ಮಾಡುವುದು. ಸಂಜೆ ಮನೆಗೆ ಬಂದರೆ ಅವನ ರೆಪ್ಪೆಯ ಮೇಲೂ ಬೂದು ಧೂಳು. ಫ್ಯಾಕ್ಟರಿಯಲ್ಲಿ ಅವನ ಹಾಜರಿ ಹಾಕುವವನು ನಾನು. ಮನೆಯಲ್ಲಿ ನನ್ನ ಮನೆ ಮಾಲೀಕ ಅವನು. ಎರಡು ಕಡೆಯೂ ಅವನೇ ನನಗೆ ‘ಸಾ’ ಅನ್ನುತ್ತಿದ್ದ.

ನಮ್ಮ ಫ್ಯಾಕ್ಟರಿಯಲ್ಲಿ ಒಂದು ಪದ್ಧತಿ ಇತ್ತು. ಹಂಗಾಮಿ ಕೆಲಸಗಾರ ಸತತವಾಗಿ ಇಂತಿಷ್ಟು ದಿನ ದುಡಿದರೆ ಕಾಯಂ ಮಾಡಿ ಎಂದು ಕೇಳುವ ಹಕ್ಕು ಬರುತ್ತಿತ್ತು. ಆ ದಿನ ಹತ್ತಿರವಾದಾಗ ಶನಿವಾರ ಅವನನ್ನು ರಿಜಿಸ್ಟರಿನಲ್ಲಿ ಕೆಲಸದಿಂದ ತೆಗೆದು, ಸೋಮವಾರ ಬೇರೆ ಹೆಸರಿನಲ್ಲಿ ಹೊಸಬನೆಂದು ಸೇರಿಸಿಕೊಳ್ಳುವುದು. ಮನುಷ್ಯ ಅವನೇ, ಯಂತ್ರ ಅದೇ, ಬುತ್ತಿಯ ಡಬ್ಬಿ ಅದೇ. ಪುನರ್ಜನ್ಮಕ್ಕೆ ನಮ್ಮಲ್ಲಿ ಒಂದು ಭಾನುವಾರ ಸಾಕಾಗುತ್ತಿತ್ತು. ಹೆಸರು ಹುಡುಕುವ ಕೆಲಸ ಮ್ಯಾನೇಜರು ನನಗೇ ವಹಿಸಿದ್ದರು. ‘ನೀವು ಓದಿದವರು, ಒಳ್ಳೆ ಹೆಸರಿಡ್ತೀರಿ’ ಎಂದಿದ್ದರು. ಇದು ತಪ್ಪು ಎಂದು ನನಗೆ ಅನ್ನಿಸಲಿಲ್ಲವೇ? ಅನ್ನಿಸಿತು ಎಂದು ಡೈರಿಯಲ್ಲಿದೆ.

ಮುನಿಯಪ್ಪನನ್ನು ನಾನು ಚನ್ನಬಸವಯ್ಯನನ್ನಾಗಿ ಮಾಡಿದೆ. ವಿಮೆಯ ಫಾರಮ್ಮಿನಲ್ಲಿ ಕೇಳಿದ್ದನ್ನೆಲ್ಲ ಕೊಡಬೇಕಲ್ಲ: ತಂದೆ ನಂಜುಂಡಯ್ಯ, ಎಡಹುಬ್ಬಿನ ಮೇಲೆ ಕರಿಮಚ್ಚೆ, ಹೆಂಡತಿ ಗೌರಮ್ಮ, ಇಬ್ಬರು ಹೆಣ್ಣುಮಕ್ಕಳು. ಮೂರನೆಯದು ಗಂಡಾಗಲಿ ಅಂದುಕೊಂಡೆ, ಫಾರಮ್ಮಿನಲ್ಲಿ ಜಾಗ ಇರಲಿಲ್ಲ. ಸಂಜೆ ಜಗಲಿಯ ಮೇಲೆ ಮುನಿಯಪ್ಪನಿಗೆ ಅವನ ಹೊಸ ಸಂಸಾರದ ವಿವರ ಹೇಳಿದೆ.

“ನಂಗಿರೋರು ಇಬ್ರೂ ಗಂಡೇ ಸಾ,” ಎಂದು ನಕ್ಕ. “ಒಂದು ಎಣ್ಣು ಬೇಕು ಅಂತ ಲಚ್ಚುಮಮ್ಮಂಗೆ ಬಲೇ ಆಸೆ. ಕಾಗ್ದದಾಗಾದ್ರೂ ಆಯ್ತಲ್ಲ ಬುಡಿ.”

ಒಳಗಿನಿಂದ ಅವನ ಹೆಂಡತಿ ಲಕ್ಷ್ಮಮ್ಮ, “ಆ ಗೌರಮ್ಮನ್ ಕೈಲೇ ಮುದ್ದೆ ಕಟ್ಟುಸ್ಕೊಂಡ್ ತಿನ್ನೋಗು ಅಂಗಾರೆ,” ಅಂದಳು.

ಆರು ತಿಂಗಳು ಚನ್ನಬಸವಯ್ಯ ದುಡಿದ. ಅವನ ಕಾರ್ಡಿನಲ್ಲಿ ಒಂದು ವಾರವೂ ತಪ್ಪದೆ ಸ್ಟಾಂಪು ಬಿತ್ತು. ಆಮೇಲೆ ಅವನ ಆಯಸ್ಸೂ ಮುಗಿದು, ಒಂದು ಸೋಮವಾರ ಮುನಿಯಪ್ಪ ಮತ್ತೆ ಮುನಿಯಪ್ಪನಾಗಿಯೇ ಬಂದ. ಬಂದು ಎರಡು ತಿಂಗಳಿಗೆ ಕೆಮ್ಮಿದಾಗ ರಕ್ತ ಕಾಣಿಸಿತು.

ವಿಮಾ ಡಾಕ್ಟರು ಎಕ್ಸ್‌ರೇ ನೋಡಿ, ಶ್ವಾಸಕೋಶಕ್ಕೆ ಕ್ಷಯ ಹಿಡಿದಿದೆ, ಧೂಳಿನಿಂದ ದೂರ ಇರಬೇಕು, ಸ್ಯಾನಿಟೋರಿಯಂಗೆ ಸೇರಿಸಬೇಕು ಎಂದರು. ಸೇರಬೇಕಾದರೂ, ಮನೆಯವರಿಗೆ ಕಾಯಿಲೆ ಭತ್ಯೆ ಬರಬೇಕಾದರೂ, ನಿಯಮದ ಲೆಕ್ಕಕ್ಕೆ ಬರುವ ಹಿಂದಿನ ಅರ್ಧವರ್ಷದಲ್ಲಿ, ಅಂದರೆ ಚನ್ನಬಸವಯ್ಯ ದುಡಿದ ಆರು ತಿಂಗಳಲ್ಲಿ, ಅರ್ಧದಷ್ಟು ವಾರಗಳಾದರೂ ಅವನ ಕಾರ್ಡಿನಲ್ಲಿ ಸ್ಟಾಂಪು ಇರಬೇಕಿತ್ತು. ವಿಮಾ ಕಚೇರಿಯಿಂದ ಒಂದು ಸಾಲಿನ ಕಾಗದ ಬಂತು: ವಂತಿಗೆ ಸಾಲದು, ಅರ್ಜಿ ತಿರಸ್ಕರಿಸಲಾಗಿದೆ. ಮುನಿಯಪ್ಪ ಆ ಆರು ತಿಂಗಳು ಈ ಲೋಕದಲ್ಲೇ ಇರಲಿಲ್ಲ. ಇದ್ದವನು ಚನ್ನಬಸವಯ್ಯ, ಅವನಿಗೆ ಎಲ್ಲ ಸವಲತ್ತೂ ಇತ್ತು, ಕಾಯಿಲೆ ಮಾತ್ರ ಇರಲಿಲ್ಲ.

ನಾನು ಮೇಲ್ಮನವಿ ಬರೆದೆ. ಮುನಿಯಪ್ಪನ ಹೆಸರಿನಲ್ಲಿ, ಒಳ್ಳೆಯ ಇಂಗ್ಲಿಷಿನಲ್ಲಿ, ಫ್ಯಾಕ್ಟರಿಯ ಪದ್ಧತಿಯನ್ನು ವಿವರಿಸಿ, ಆದರೆ ಹೆಸರಿಟ್ಟವನು ಯಾರು ಎಂಬುದು ಎಲ್ಲೂ ಬರದ ಹಾಗೆ ಎಚ್ಚರ ವಹಿಸಿ ಬರೆದೆ. ಎಲ್ಲ ವಾಕ್ಯಗಳೂ ಕರ್ಮಣಿ ಪ್ರಯೋಗದಲ್ಲಿದ್ದವು. ಫ್ಯಾಕ್ಟರಿಯವರು ಉತ್ತರವಾಗಿ, ಚನ್ನಬಸವಯ್ಯ ಬೇರೆಯೇ ವ್ಯಕ್ತಿ, ಕೆಲಸ ಬಿಟ್ಟು ಊರಿಗೆ ಹೋಗಿದ್ದಾನೆ, ಸಂಬಳದ ರಿಜಿಸ್ಟರಿಗೆ ಗೆದ್ದಲು ಹಿಡಿದಿದೆ ಎಂದು ಬರೆದುಕೊಟ್ಟರು. ಅದನ್ನು ಟೈಪು ಮಾಡಿದವನು ನಾನೇ. ಆದರೂ ನನಗೆ ಧೈರ್ಯವಿತ್ತು. ಚನ್ನಬಸವಯ್ಯನ ಫಾರಮ್ಮು ವಿಮಾ ಕಚೇರಿಯಲ್ಲೇ ಇದೆ, ಅದರ ಮೇಲೆ ಹೆಬ್ಬೆಟ್ಟಿದೆ. ಡೈರಿಯಲ್ಲಿ ನೋಡಿದೆ, ಸ್ಪಷ್ಟವಾಗಿತ್ತು: ‘ಮಧ್ಯಾಹ್ನ ಮುನಿಯಪ್ಪನನ್ನು ಕರೆಸಿ ಹೆಬ್ಬೆಟ್ಟು ಹಾಕಿಸಿದೆ.’ ಬೆರಳಿಗೆ ಬೆರಳು ಇಟ್ಟು ನೋಡಿದರೆ ಆಯಿತು. ಹೆಸರು ಎರಡಾದರೂ ಬೆರಳು ಒಂದೇ ತಾನೇ? ಈ ಉಪಾಯವನ್ನು ಮುನಿಯಪ್ಪನಿಗೆ ಹೇಳಿದಾಗ ಅವನು ಏನೋ ಹೇಳಲು ಬಾಯಿ ತೆರೆದ, ಕೆಮ್ಮು ಬಂತು.

ವಿಚಾರಣೆಯ ದಿನ ಫ್ಯಾಕ್ಟರಿಗೆ ಹೊಟ್ಟೆನೋವು ಎಂದು ಚೀಟಿ ಕಳಿಸಿ ಅವನ ಜೊತೆ ಹೋದೆ. ಅಧಿಕಾರಿ ದಪ್ಪ ಕನ್ನಡಕದ, ನಿಧಾನದ ಮನುಷ್ಯ.

“ನೀವ್ಯಾರ್ರೀ?” ಎಂದು ನನ್ನನ್ನು ಕೇಳಿದರು.

“ಇವರ ಮನೇಲಿ ಬಾಡಿಗೆಗೆ ಇದೀನಿ ಸಾರ್.” ಅದು ನಿಜವೇ.

ಶಾಯಿ ಪ್ಯಾಡು ತರಿಸಿ ಮುನಿಯಪ್ಪನ ಹೆಬ್ಬೆರಳು ಒತ್ತಿಸಿದರು. ಕಾಗದದ ಮೇಲೆ ಬರೀ ಕಪ್ಪು ಮಚ್ಚೆ ಮೂಡಿತು. ಇನ್ನೊಮ್ಮೆ ಒತ್ತಿಸಿದರು, ಅದೇ. ವರ್ಷಗಟ್ಟಲೆ ಕಬ್ಬಿಣ ಹಿಡಿದು ಕಲ್ಲಿಗೆ ಒತ್ತಿ ಅವನ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಅಧಿಕಾರಿ ಫೈಲಿನಿಂದ ಚನ್ನಬಸವಯ್ಯನ ಫಾರಮ್ಮು ತೆಗೆದು ಪಕ್ಕದಲ್ಲಿಟ್ಟರು. ಅದರಲ್ಲಿ ಗೆರೆ ಗೆರೆಯೂ ಎಳೆಎಳೆಯಾಗಿ, ರಂಗೋಲಿಯ ಹಾಗೆ ಮೂಡಿತ್ತು.

“ಈ ಬೆರಳು ಕೆಲಸ ಮಾಡಿದ್ದಲ್ಲ ಕಣ್ರೀ,” ಎಂದರು ಅಧಿಕಾರಿ, ಭೂತಗನ್ನಡಿ ಕೆಳಗಿಟ್ಟು. “ಇದು ಪುಸ್ತಕದ ಹಾಳೆ ತಿರುವಿದ ಬೆರಳು. ಗ್ರೈಂಡಿಂಗ್ ಮಾಡಿದವನದು ಅಂತ ನನಗೇ ಹೇಳ್ತೀರಲ್ಲ.”

ಆ ಕ್ಷಣದಲ್ಲಿ ನನಗೆ ಗೊತ್ತಾಯಿತೇ, ಅಥವಾ ಆಮೇಲೆ ಬಸ್ಸಿನಲ್ಲಿ ಗೊತ್ತಾಯಿತೇ? ಬಸ್ಸಿನಲ್ಲಿ ಎಂದು ನಂಬಲು ನನಗೆ ಇಷ್ಟ. ಆದರೆ ಆ ಕ್ಷಣವೇ ನನ್ನ ಎಡಗೈ ಪ್ಯಾಂಟಿನ ಜೇಬಿಗೆ ಹೋದದ್ದು ನೆನಪಿದೆ. ಫಾರಮ್ಮು ತುಂಬಿದ ಆ ಮಧ್ಯಾಹ್ನ ಸುಡುಬಿಸಿಲು. ಗ್ರೈಂಡಿಂಗ್ ಶೆಡ್ಡು ಅಂಗಳದ ಆ ತುದಿಗೆ. ಅಲ್ಲಿಗೆ ಹೋಗಿ ಅವನನ್ನು ಕರೆದುಕೊಂಡು ಬರುವ ಬದಲು ನನ್ನ ಬೆರಳನ್ನೇ ಪ್ಯಾಡಿಗೆ ಒತ್ತಿದ್ದೆ. ಇಲ್ಲದ ಮನುಷ್ಯನಿಗೆ ಯಾರ ಬೆರಳಾದರೇನು? ಸಂಜೆ ಡೈರಿಯಲ್ಲಿ, ಹೇಗೆ ಆಗಬೇಕಿತ್ತೋ ಹಾಗೆ ಬರೆದಿದ್ದೆ.

ಹೊರಗೆ ಬಂದು ಗೋಡೆಯ ನೆರಳಿನಲ್ಲಿ ಕೂತೆವು. ಮುನಿಯಪ್ಪ ಶಾಯಿ ಹತ್ತಿದ ಬೆರಳನ್ನು ಟವೆಲಿನ ತುದಿಗೆ ಒರೆಸಿಕೊಳ್ಳುತ್ತಿದ್ದ.

“ಆವತ್ತು ನೀವು ನನ್ನ ಕರೀನೇ ಇಲ್ವಲ್ಲ ಸಾ,” ಎಂದ. ಸಿಟ್ಟಿನಿಂದಲ್ಲ, ಮಳೆ ಬರಲಿಲ್ಲ ಎಂದು ಹೇಳುವ ಹಾಗೆ.

“ನಿನಗೆ ಗೊತ್ತಿತ್ತಾ? ಒಳಗೆ ಯಾಕೆ ಹೇಳಲಿಲ್ಲ ಮಾರಾಯಾ?”

“ಏಳುದ್ರೆ ನಿಮ್ ಕೆಲ್ಸ ಓಯ್ತದೆ. ಆಮ್ಯಾಕೆ ನಂಗೆ ಅರ್ಜಿ ಬರ್ಕೊಡೋರ್ ಯಾರು?”

ಮನೆಗೆ ಬಂದ ಮೇಲೆ ನಾಳೆಯೇ ಹೋಗಿ ಹೇಳಿಬಿಡೋಣ ಅಂದುಕೊಂಡೆ. ನಾಳೆ ಆಯಿತು, ವಾರವಾಯಿತು. ಕೆಲಸ ಹೋದರೆ ಊರಿಗೆ ಏನು ಕಳಿಸಲಿ, ಪೊಲೀಸು ಗಿಲೀಸು ಆದರೆ ಏನು ಗತಿ ಎಂದೆಲ್ಲ ಯೋಚನೆ. ಗೋಡೆಯಾಚೆಯ ಕೆಮ್ಮು ಕೇಳಿಸದಿರಲಿ ಎಂದು ರೇಡಿಯೋ ಕೊಂಡೆ. ಕೃಷಿರಂಗ ಪೂರ್ತಿ ಕೇಳುತ್ತಿದ್ದೆ. ಜೋಳದ ಸುಳಿನೊಣದ ಬಗ್ಗೆ ಈಗಲೂ ಅರ್ಧ ಗಂಟೆ ಮಾತಾಡಬಲ್ಲೆ. ಲಕ್ಷ್ಮಮ್ಮ ಮೊದಲು ಹಸು ಮಾರಿದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಹಬ್ಬದ ದಿನ ಎಂದಿನಂತೆ ಒಬ್ಬಟ್ಟು ತಂದಿಟ್ಟು, “ತಿನ್ನಿ ಸಾಮಿ, ಸೊರಗೋಗಿದೀರ,” ಅಂದಳು.

ಒಂದು ಬೆಳಿಗ್ಗೆ ಟೈಮ್ ಆಫೀಸಿನ ಕಿಟಕಿಯ ಮುಂದೆ ಮುನಿಯಪ್ಪ ನಿಂತಿದ್ದ. ಬಾಯಿಗೆ ಟವೆಲು, ಕೈಯಲ್ಲಿ ಬುತ್ತಿ ಡಬ್ಬಿ. ಮನೆಯಲ್ಲಿ ಮಾರಲು ಇನ್ನೇನೂ ಉಳಿದಿರಲಿಲ್ಲ. ಅಷ್ಟು ದಿನ ಬಾರದಿದ್ದ ಕಾರಣ ಅವನ ಹೆಸರು ರಿಜಿಸ್ಟರಿನಲ್ಲಿ ಹೊಡೆದುಹೋಗಿತ್ತು, ಹೊಸಬನಾಗಿಯೇ ಸೇರಬೇಕು. ಹಲಗೆಯ ಮೇಲಿನ ಬಿಲ್ಲೆಗಳನ್ನು ನೋಡುತ್ತ, ತುಂಬ ಸಹಜವಾಗಿ ಕೇಳಿದ:

“ಈ ಸಲ ಏನೆಸ್ರು ಸಾ?”

ನಾನು ಬಾಯಿಗೆ ಬಂದ ಒಂದು ಹೆಸರು ಬರೆದು ಅವನಿಗೆ ಬಿಲ್ಲೆ ಕೊಟ್ಟೆ. ಹೌದು, ಕೊಟ್ಟೆ. ಅವನು ಒಳಗೆ ಹೋದ. ಹನ್ನೊಂದು ಗಂಟೆಗೆ ನಾನು ಟೇಬಲ್ಲಿನಿಂದ ಎದ್ದು, ಯಾರಿಗೂ ಹೇಳದೆ, ಬಸ್ಸು ಹತ್ತಿ ವಿಮಾ ಕಚೇರಿಗೆ ಹೋದೆ.

ಅಧಿಕಾರಿ ನನ್ನ ಹೇಳಿಕೆಯನ್ನು ಪೂರ್ತಿ ಬರೆದುಕೊಂಡರು. ಆಮೇಲೆ ಶಾಯಿ ಪ್ಯಾಡನ್ನು ನನ್ನ ಕಡೆಗೆ ತಳ್ಳಿದರು. ನಾನು ಒತ್ತಿದೆ. ಚನ್ನಬಸವಯ್ಯ ಎಳೆಎಳೆಯಾಗಿ ಮೂಡಿದ.

“ಎಂ.ಎ. ಓದಿದೀರಿ,” ಎಂದರು, ಎರಡು ಗುರುತುಗಳನ್ನೂ ಹೋಲಿಸಿ. “ಎರಡು ಸಲವೂ ಹೆಬ್ಬೆಟ್ಟು ಚೆನ್ನಾಗೇ ಒತ್ತಿದೀರಿ.”

ಆ ಸ್ಟಾಂಪುಗಳೆಲ್ಲ ಮುನಿಯಪ್ಪನವೇ ಎಂದು ಆದೇಶವಾಯಿತು. ಭತ್ಯೆ ಬಂತು, ಸ್ಯಾನಿಟೋರಿಯಂನಲ್ಲಿ ಹಾಸಿಗೆಯೂ ಸಿಕ್ಕಿತು. ಫ್ಯಾಕ್ಟರಿಯವರು ನನ್ನನ್ನು ಕೆಲಸದಿಂದ ತೆಗೆದರು, ಈ ಸಲ ನನ್ನದೇ ಹೆಸರಿನಲ್ಲಿ. ಮುನಿಯಪ್ಪ ಬದುಕಿದ, ಒಂದೇ ಶ್ವಾಸಕೋಶದ ಉಸಿರಿನಲ್ಲಿ. ಜಗಲಿಯಿಂದ ಬೀದಿಯ ಬಾವಿಯವರೆಗೆ ನಡೆದರೆ ಎರಡು ಸಲ ಕೂರುತ್ತಿದ್ದ. ಅವನನ್ನು ಸೇರಿಸಿದ ದಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಒಂದೂವರೆ ತಿಂಗಳು ಮುಂಚೆ ಕರ್ಕೊಂಡು ಬರಬಾರದಿತ್ತೇನ್ರೀ?” ಎಂದು ನನ್ನನ್ನೇ ಕೇಳಿದರು.

ಮೊನ್ನೆ ಟ್ರಂಕಿನಲ್ಲಿ ಸಿಕ್ಕ ಪುಟ ಆ ವಿಚಾರಣೆಯ ದಿನದ್ದು. ಅಕ್ಷರ ಬಹಳ ದುಂಡಗಿದೆ. ‘ಬೆರಳು ಹೊಂದಲಿಲ್ಲ. ತಕ್ಷಣ ಎದ್ದುನಿಂತು, ಅದು ನನ್ನದೆಂದು ಅಧಿಕಾರಿಗೆ ಹೇಳಿಬಿಟ್ಟೆ. ಮನಸ್ಸು ಹಗುರವಾಯಿತು.’ ಅದನ್ನು ಆವತ್ತೇ ಬರೆದೆನೋ, ಆಮೇಲೆ ಯಾವಾಗಲೋ ಖಾಲಿ ಪುಟ ತುಂಬಿಸಿದೆನೋ, ದೇವರಾಣೆ ತಿಳಿಯದು. ಎರಡು ಮೂರು ಸಲ ಓದಿದೆ. ಮೂರನೆಯ ಸಲಕ್ಕೆ ನಾನು ಎದ್ದುನಿಂತದ್ದು, ಕುರ್ಚಿ ಸದ್ದಾದದ್ದು ಕೂಡ ನೆನಪಾಗತೊಡಗಿತು. ಅದೇ ಪುಟಗಳ ನಡುವೆ ಮಡಿಸಿಟ್ಟಿದ್ದ ನನ್ನ ಹೇಳಿಕೆಯ ನಕಲು ಜಾರಿ ಕೆಳಗೆ ಬಿತ್ತು. ಅದರ ತಾರೀಕು ವಿಚಾರಣೆಯಾದ ನಲವತ್ತನಾಲ್ಕನೆಯ ದಿನದ್ದು. ಕಚೇರಿಯ ಕಾಗದಗಳನ್ನು ನಾನು ಸುಲಭವಾಗಿ ನಂಬುವವನಲ್ಲ. ಅಂಥವನ್ನು ತಯಾರಿಸಿ ಹೊಟ್ಟೆ ಹೊರೆದವನು. ಆದರೆ ಡೈರಿಯ ಕೆಳಗೆ ಬರೀ ನನ್ನ ಸಹಿ ಇದೆ. ಆ ಕಾಗದದ ಕೆಳಗೆ ನನ್ನ ಹೆಬ್ಬೆಟ್ಟಿದೆ.